ತೀರಿಹೋದವರ ಮನೆ ಕೊಳ್ಳುವಾಗ ಒಸಿ: ಕೇಳಬೇಕಾದ್ದು ಏನು, ಯಾರನ್ನು?

ಹಿಂದೊಮ್ಮೆ ನಮ್ಮ ಭಾವನ ಜೊತೆ ಬೆಂಗಳೂರಿನಲ್ಲಿ ಒಂದು ಮನೆ ನೋಡಲು ಹೋಗಿದ್ದೆ. ಬಿಡಿಎ ಬಡಾವಣೆ, 40×60 ಸೈಟು, ನೆಲಮಹಡಿ ಮತ್ತು ಮೇಲೆ ಎರಡು ಮಹಡಿ. ಕಟ್ಟಿಸಿದ ಯಜಮಾನರು ತೀರಿಹೋಗಿ ಎರಡು ವರ್ಷವಾಗಿತ್ತು. ನಡುಮನೆಯಲ್ಲಿ ಅವರ ಫೋಟೊ, ಅದಕ್ಕೊಂದು ಗಂಧದ ಹಾರ. ದೊಡ್ಡ ಮಗ ಒಂದು ಫೈಲು ತಂದಿಟ್ಟರು. ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಎಲ್ಲವೂ ವರ್ಷದ ಪ್ರಕಾರ ಜೋಡಿಸಿದ್ದವು.

"ಒಸಿ ಇದೆಯಾ ಸಾರ್?" ಅಂತ ಭಾವ ಕೇಳಿದರು. ಒಸಿ ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್.

"ಇದೆ ಸಾರ್. ಅಪ್ಪ ಎಲ್ಲಾ ಮಾಡಿಸಿಟ್ಟಿದಾರೆ" ಅಂತ ಅವರು ಒಂದು ಹಳೇ ಹಾಳೆ ಕೊಟ್ಟರು.

ಅದು ಪೊಸೆಷನ್ ಸರ್ಟಿಫಿಕೇಟ್. ಸೈಟು ಹಂಚಿಕೆಯಾದಾಗ "ಈ ಜಾಗವನ್ನು ನಿಮ್ಮ ವಶಕ್ಕೆ ಕೊಟ್ಟಿದ್ದೇವೆ" ಎಂದು ಬಿಡಿಎ ಕೊಡುವ ಪತ್ರ. ಆ ದಿನ ಅಲ್ಲಿ ಮನೆಯೇ ಇರಲಿಲ್ಲ, ಬರೀ ನೆಲವಿತ್ತು. ಒಸಿ ಎಂಬುದು ಬೇರೆ. ಕಟ್ಟಡ ಮುಗಿದ ಮೇಲೆ "ಇದರಲ್ಲಿ ಜನ ವಾಸ ಮಾಡಬಹುದು" ಎಂದು ಪಾಲಿಕೆ ಕೊಡುವ ಅನುಮತಿ. ಕನ್ನಡದ ಕಡತಗಳಲ್ಲಿ ಅದನ್ನು ಸ್ವಾಧೀನಾನುಭವ ಪತ್ರ ಅಂತ ಬರೆಯುತ್ತಾರೆ. ಎರಡರ ಹೆಸರಿನಲ್ಲೂ "ಸ್ವಾಧೀನ"ದ ಛಾಯೆ ಇರುವುದರಿಂದ ಗೊಂದಲ ಸಹಜ. ಆ ಮಗ ಸುಳ್ಳು ಹೇಳಲಿಲ್ಲ. ಮನೆಯ ಕಾಗದಪತ್ರ ಗೊತ್ತಿದ್ದ ಒಬ್ಬರೇ ಒಬ್ಬರು ಈಗ ಇಲ್ಲ, ಅಷ್ಟೇ.

ತೀರಿಹೋದವರ ಮನೆ ಕೊಳ್ಳುವುದರಲ್ಲಿ ಇರುವ ತೊಡಕು ಇದೇ. ಸಾಮಾನ್ಯವಾಗಿ ಮನೆ ಮಾರುವವರು ಅದನ್ನು ಕಟ್ಟಿಸಿದವರೇ ಆಗಿದ್ದರೆ ನೇರವಾಗಿ ಕೇಳಬಹುದು: ನಕ್ಷೆ ಯಾವಾಗ ಮಂಜೂರಾಯಿತು, ಮೇಲಿನ ಮಹಡಿಗೆ ಅನುಮತಿ ತಗೊಂಡಿದ್ರಾ, ಎಂಜಿನಿಯರ್ ಯಾರು. ಮಕ್ಕಳಿಗೆ ಇದ್ಯಾವುದೂ ಗೊತ್ತಿರುವುದಿಲ್ಲ. ಹೀಗಾಗಿ ಕೊಳ್ಳುವವರು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಇವರಿಗೆ ಈ ಮನೆ ಮಾರುವ ಹಕ್ಕು ಇದೆಯಾ? ಈ ಕಟ್ಟಡದಲ್ಲಿ ವಾಸ ಮಾಡುವ ಅನುಮತಿ ಇದೆಯಾ? ಮೊದಲನೆಯದನ್ನು ವಕೀಲರು ನೋಡುತ್ತಾರೆ. ಎರಡನೆಯದನ್ನು ಯಾರೂ ನೋಡದೆ ಬಿಟ್ಟುಬಿಡುವುದೇ ಜಾಸ್ತಿ.

ಒಸಿ ಹುಟ್ಟುವುದು ಹೇಗೆ

ಮನೆ ಕಟ್ಟುವ ಮೊದಲು ನಕ್ಷೆ ಮಂಜೂರಾಗಬೇಕು. ಅದಕ್ಕೊಂದು ಪರವಾನಗಿ ಸಂಖ್ಯೆ ಬರುತ್ತದೆ, ಬೆಂಗಳೂರಿನಲ್ಲಿ ಎಲ್‌ಪಿ ನಂಬರ್ ಅಂತಾರೆ. ಆಮೇಲೆ ಕೆಲಸ ಶುರು ಮಾಡಲು ಒಂದು ಪತ್ರ, ಅದು ಪ್ರಾರಂಭಿಕ ಪ್ರಮಾಣಪತ್ರ. ಕಟ್ಟಡ ಮುಗಿದ ಮೇಲೆ ಒಂದು ತಿಂಗಳೊಳಗೆ ಮಾಲೀಕರು "ಮುಗಿದಿದೆ" ಎಂದು ಪಾಲಿಕೆಗೆ ಬರೆದು ತಿಳಿಸಬೇಕು. ಜೊತೆಗೆ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಕೊಟ್ಟ ಪ್ರಮಾಣಪತ್ರ ಇರಬೇಕು. ಪಾಲಿಕೆಯವರು ಸ್ಥಳಕ್ಕೆ ಬಂದು ಅಳತೆ ನೋಡಿ, ನಕ್ಷೆಗೂ ಕಟ್ಟಡಕ್ಕೂ ತಾಳೆ ಮಾಡಿ, 30 ದಿನದಲ್ಲಿ ಹೌದು ಅಥವಾ ಇಲ್ಲ ಎಂದು ಹೇಳಬೇಕು. 2003ರ ಬೆಂಗಳೂರು ಕಟ್ಟಡ ಬೈಲಾದಲ್ಲಿ ಇದೆಲ್ಲ ಸ್ಪಷ್ಟವಾಗಿದೆ. ಅನುಮತಿ ಸಿಗುವ ತನಕ ಯಾರೂ ಒಳಗೆ ವಾಸ ಮಾಡಬಾರದು ಅಂತಲೂ ಇದೆ.

ಇಲ್ಲೊಂದು ಮಾತು. "ಸಿಸಿ ಇದೆ" ಅಂತ ಯಾರಾದರೂ ಹೇಳಿದರೆ ಯಾವ ಸಿಸಿ ಅಂತ ಕೇಳಿ. ಕೆಲಸ ಶುರು ಮಾಡುವಾಗ ಕೊಡುವುದಕ್ಕೂ ಸಿಸಿ ಅಂತಾರೆ, ಕೆಲಸ ಮುಗಿದಿದೆ ಎಂದು ಹೇಳುವುದಕ್ಕೂ ಸಿಸಿ ಅಂತಾರೆ. ಎರಡೂ ಒಸಿ ಅಲ್ಲ. ಮೊದಲನೆಯದು ಕಟ್ಟಲು ಬಿಟ್ಟ ಗುರುತು. ಎರಡನೆಯದು ಕಟ್ಟಿ ಮುಗಿಸಿದ ಗುರುತು. ಒಳಗೆ ಇರಬಹುದು ಅನ್ನುವುದು ಒಸಿ ಮಾತ್ರ.

ಖಾತೆಯನ್ನೂ ಇದರ ಜೊತೆ ಬೆರೆಸಬೇಡಿ. "ಎ ಖಾತಾ ಸಾರ್, ಇನ್ನೇನು ಬೇಕು?" ಅನ್ನುವವರು ಬಹಳ ಮಂದಿ. ಖಾತೆ ಅಂದರೆ ಈ ಆಸ್ತಿಯ ಕಂದಾಯ ಯಾರು ಕಟ್ಟಬೇಕು ಎಂಬ ದಾಖಲೆ. ಅದು ಒಡೆತನವನ್ನೂ ಸಾಬೀತು ಮಾಡುವುದಿಲ್ಲ, ಕಟ್ಟಡ ಸರಿ ಇದೆ ಅಂತಲೂ ಹೇಳುವುದಿಲ್ಲ. ಕರೆಂಟ್ ಬಿಲ್ಲು, ನೀರಿನ ಬಿಲ್ಲು ಕೂಡ ಹಾಗೇ. ಋಣಭಾರ ಪತ್ರ, ಅಂದರೆ ಇಸಿ ತೆಗೆಸಿದರೆ ಅದರಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ಒಸಿ ನೋಂದಣಿಯಾಗುವ ಕಾಗದವಲ್ಲ. ಅದಕ್ಕೇ 40 ವರ್ಷದ ಇಸಿ ತೆಗೆಸಿ ಓದಿದರೂ ಒಸಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

"ಮೂವತ್ತು ವರ್ಷ ಆಯ್ತು, ಯಾರೂ ಕೇಳಿಲ್ಲ"

ಹಳೇ ಮನೆ ಮಾರುವವರು ಹೇಳುವ ಮಾತು ಇದು. ಒಂದು ಅರ್ಥದಲ್ಲಿ ನಿಜ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 310ನೇ ಕಲಮಿನಲ್ಲೇ ವಾಸದ ಅನುಮತಿಯ ವಿಷಯ ಇತ್ತು. ಆದರೂ ಎಂಬತ್ತು ತೊಂಬತ್ತರ ದಶಕದಲ್ಲಿ ಬಿಡಿ ಮನೆ ಕಟ್ಟಿದವರು ಗೃಹಪ್ರವೇಶ ಮಾಡಿ ಹಾಲು ಉಕ್ಕಿಸಿ ಒಳಗೆ ಹೋದರು. ಒಸಿಗೆ ಅರ್ಜಿ ಹಾಕಿದವರು ಕಡಿಮೆ. ಕರೆಂಟ್ ಬಂತು, ನೀರು ಬಂತು, ಕಂದಾಯವನ್ನೂ ಕಟ್ಟಿಸಿಕೊಂಡರು.

ಆದರೆ ಕಾಲ ಕಳೆದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಇದನ್ನು ಬಹಳ ಖಡಕ್ಕಾಗಿ ಹೇಳಿತು. ಪ್ರಕರಣ ಉತ್ತರ ಪ್ರದೇಶದ ಮೀರತ್‌ನದ್ದು, ವಾಸದ ಜಾಗದಲ್ಲಿ ಅಂಗಡಿಗಳನ್ನು ಕಟ್ಟಿದ್ದರು. ಅಧಿಕಾರಿಗಳು ತಡ ಮಾಡಿದರು, ಬಹಳ ವರ್ಷ ಆಯಿತು, ದುಡ್ಡು ಹಾಕಿದ್ದೇವೆ ಅನ್ನುವ ಯಾವ ಕಾರಣವೂ ಅಕ್ರಮ ಕಟ್ಟಡವನ್ನು ಉಳಿಸುವುದಿಲ್ಲ ಎಂದಿತು ಕೋರ್ಟ್. ಅಷ್ಟಕ್ಕೇ ನಿಲ್ಲದೆ ದೇಶಕ್ಕೆಲ್ಲ ಅನ್ವಯಿಸುವ ಸೂಚನೆಗಳನ್ನೂ ಕೊಟ್ಟಿತು. ಪೂರ್ಣಗೊಂಡ ಅಥವಾ ವಾಸದ ಪ್ರಮಾಣಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು. ಬ್ಯಾಂಕುಗಳೂ ಆ ಪತ್ರ ಪರಿಶೀಲಿಸಿಯೇ ಸಾಲ ಕೊಡಬೇಕು.

ಕರ್ನಾಟಕದಲ್ಲಿ ಇದರ ಬಿಸಿ 2025ರಲ್ಲಿ ತಟ್ಟಿತು. ಒಸಿ ಇಲ್ಲದ ಹೊಸ ಕಟ್ಟಡಗಳಿಗೆ ವಿದ್ಯುತ್ ಸಂಪರ್ಕ ನಿಂತಿತು, ಸಾವಿರಾರು ಜನ ಪರದಾಡಿದರು. ಹಳೇ ಮನೆಗೆ ಈಗಾಗಲೇ ಮೀಟರ್ ಇದೆಯಲ್ಲ ಅಂತ ನಿಮಗೆ ಅನ್ನಿಸಬಹುದು. ಇದೆ. ಆದರೆ ನಾಳೆ ಮೇಲಿನ ಮಹಡಿಗೆ ಬೇರೆ ಮೀಟರ್ ಬೇಕಾದಾಗ ಏನು ಮಾಡುತ್ತೀರಿ? ನಿಮ್ಮಿಂದ ಮನೆ ಕೊಳ್ಳುವವರಿಗೆ ಬ್ಯಾಂಕ್ ಸಾಲ ಬೇಕಾದಾಗ? ಹಳೇ ಮನೆ ಮಾರುವವರು ನಿಮಗೆ "ಯಾರೂ ಕೇಳಿಲ್ಲ" ಅಂದ ಹಾಗೆ ನೀವು ಇನ್ನೊಬ್ಬರಿಗೆ ಹೇಳಿದರೆ ಆಗ ಅವರು ಒಪ್ಪುತ್ತಾರಾ?

ಆ ಪರದಾಟದ ನಂತರ ಸರ್ಕಾರ ಒಂದು ವಿನಾಯಿತಿ ಕೊಟ್ಟಿತು. ಗ್ರೇಟರ್ ಬೆಂಗಳೂರು ವ್ಯಾಪ್ತಿಯಲ್ಲಿ 1,200 ಚದರಡಿವರೆಗಿನ ಸೈಟಿನ, ಅಂದರೆ 30×40ರವರೆಗಿನ ವಾಸದ ಮನೆಗಳಿಗೆ ಒಸಿ ಬೇಡ ಎಂದಿತು. ಅದಕ್ಕೂ ಮಿತಿ ಇದೆ. ನೆಲಮಹಡಿ ಮೇಲೆ ಎರಡು ಮಹಡಿ, ಅಥವಾ ಕೆಳಗೆ ಬರೀ ಪಾರ್ಕಿಂಗ್ ಇದ್ದರೆ ಅದರ ಮೇಲೆ ಮೂರು ಮಹಡಿ. ನೀವು ನೋಡುತ್ತಿರುವ ಮನೆ 30×40ರಲ್ಲಿ ಇದ್ದರೂ ಮೇಲೊಂದು ಮಹಡಿ ಜಾಸ್ತಿ ಇದ್ದರೆ ಅಥವಾ ಕೆಳಗೆ ಅಂಗಡಿ ಮಾಡಿಕೊಂಡಿದ್ದರೆ ಆ ವಿನಾಯಿತಿಯನ್ನು ನಂಬಿಕೊಳ್ಳಬೇಡಿ. ಒಸಿ ಬೇಡ ಅಂದರೆ ನಕ್ಷೆಯೂ ಬೇಡ ಅಂತ ಅಲ್ಲ ಅನ್ನುವುದು ಇನ್ನೊಂದು ಮುಖ್ಯ ವಿಷಯ. ಮಂಜೂರಾದ ನಕ್ಷೆ ಇರಲೇಬೇಕು, ಸುತ್ತ ಬಿಡಬೇಕಾದ ಜಾಗ ಬಿಟ್ಟಿರಲೇಬೇಕು.

ಇನ್ನು ಮಧ್ಯವರ್ತಿಗಳ ಬಾಯಲ್ಲಿ ಬರುವ ಮಾತು ಅಕ್ರಮ-ಸಕ್ರಮ. "ಸ್ಕೀಮ್ ಬರುತ್ತೆ ಸಾರ್, ದಂಡ ಕಟ್ಟಿದ್ರೆ ಮುಗೀತು." ಆ ಯೋಜನೆಯನ್ನು ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದಿತ್ತು. ಮರುತಿಂಗಳೇ, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದನ್ನು ನಂಬಿ ಜೀವಮಾನದ ಉಳಿತಾಯ ಹಾಕಬೇಡಿ. ಈಗ ಕೈಯಲ್ಲಿರುವ ದಾರಿ ಬಹಳ ಕಿರಿದು. 2003ರ ಬೈಲಾ ಪ್ರಕಾರ ನಕ್ಷೆಗಿಂತ ಶೇ 5ರೊಳಗಿನ ವ್ಯತ್ಯಾಸವಿದ್ದರೆ ದಂಡ ಕಟ್ಟಿಸಿಕೊಂಡು ಒಪ್ಪಬಹುದು. ಶೇ 5 ಅಂದರೆ ಎಷ್ಟು ಗೊತ್ತಾ? ಪಕ್ಕದಲ್ಲಿ 1 ಮೀಟರ್ ಜಾಗ ಬಿಡಬೇಕಾಗಿದ್ದರೆ 5 ಸೆಂಟಿಮೀಟರ್. ನಾಲ್ಕು ಬೆರಳಿನ ಅಗಲವೂ ಇಲ್ಲ. ಪಕ್ಕದ ಗೋಡೆಗೆ ಅಂಟಿಸಿ ಕಟ್ಟಿದ ಮನೆಗೆ ಇದು ಏನೇನೂ ಸಾಲದು.

ವಾರಸುದಾರರಿಗೆ ಮನೆಯ ಜೊತೆ ಕೊರತೆಯೂ ಬರುತ್ತದೆ

ಅಪ್ಪನಿಗೆ ಎಷ್ಟು ಹಕ್ಕು ಇತ್ತೋ ಅಷ್ಟೇ ಮಕ್ಕಳಿಗೆ ಬರುವುದು. ಅಪ್ಪ ಅನುಮತಿ ಇಲ್ಲದೆ ಕಟ್ಟಿದ ಮಹಡಿ ಅವರು ತೀರಿಹೋದ ದಿನ ಅನುಮತಿ ಇರುವ ಮಹಡಿ ಆಗಿಬಿಡುವುದಿಲ್ಲ. ಕ್ರಯಪತ್ರವಾದ ಮೇಲೆ ಆ ಕೊರತೆ ನಿಮ್ಮ ಹೆಗಲಿಗೆ ಬರುತ್ತದೆ. ಪಾಲಿಕೆಯ ನೋಟಿಸು ಕಟ್ಟಡಕ್ಕೆ ಬರುತ್ತದೆ. ಕಟ್ಟಿದವರು ಯಾರು ಅಂತ ಹುಡುಕಿಕೊಂಡು ಅದು ಹೋಗುವುದಿಲ್ಲ. "ಮುಂದೆ ಏನಾದರೂ ತೊಂದರೆ ಬಂದರೆ ನಾವೇ ಜವಾಬ್ದಾರಿ" ಅಂತ ಮಕ್ಕಳು ಬರೆದುಕೊಟ್ಟರೆ ಆಮೇಲೆ ಅವರ ಮೇಲೆ ಹಣಕ್ಕಾಗಿ ದಾವೆ ಹಾಕಬಹುದು. ಗೋಡೆ ಒಡೆಯುವುದನ್ನು ಆ ಕಾಗದ ತಡೆಯುವುದಿಲ್ಲ.

ಹಾಗಾದರೆ ಮಾರುವ ಮೊದಲು ಮಕ್ಕಳೇ ಒಸಿ ತೆಗೆದುಕೊಡಲಿ ಅನ್ನೋಣ. ಇಲ್ಲಿಂದ ಎರಡೂ ಪ್ರಶ್ನೆಗಳು ಒಂದಕ್ಕೊಂದು ಗಂಟು ಬೀಳುತ್ತವೆ. ತೀರಿಹೋದವರ ಹೆಸರಿನಲ್ಲಿ ಅರ್ಜಿ ಹಾಕಲು ಬರುವುದಿಲ್ಲ. ಈಗಿನ ಮಾಲೀಕರು ಹಾಕಬೇಕು. ಈಗಿನ ಮಾಲೀಕರು ಯಾರು ಅಂತ ಕಾಗದದಲ್ಲಿ ಆಗಿಲ್ಲದಿದ್ದರೆ ನಗರ ಯೋಜನೆ ವಿಭಾಗದವರು ಅರ್ಜಿ ಮುಟ್ಟುವುದಿಲ್ಲ. ಹೀಗಾಗಿ ಒಂದು ಕ್ರಮ ಇದೆ. ಮೊದಲು ಮರಣ ಪ್ರಮಾಣಪತ್ರ. ಆಮೇಲೆ ನಾಡಕಚೇರಿಯ ಮೂಲಕ ವಂಶವೃಕ್ಷ. ಅದನ್ನಿಟ್ಟುಕೊಂಡು ಎಲ್ಲ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಹಳ್ಳಿಯ ಕಡೆ ಪೌತಿ ಖಾತೆ ಅನ್ನುತ್ತೇವಲ್ಲ, ಅದೇ. ನಂತರ ಒಸಿ ಅರ್ಜಿ. ಕೊನೆಗೆ ಮಾರಾಟ. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ, ಅಂದರೆ ಡಿಜಿಟಲ್ ಖಾತೆ ಇಲ್ಲದೆ ನೋಂದಣಿ ಆಗುತ್ತಿಲ್ಲ. ಅಪ್ಪನ ಹೆಸರಿನಲ್ಲೇ ಖಾತೆ ಇಟ್ಟುಕೊಂಡು ಮಾರಲು ಹೊರಟವರು ಹೇಗಿದ್ದರೂ ಅಲ್ಲಿ ನಿಲ್ಲಲೇಬೇಕು. ನಿಂತಾಗಲೇ ಒಸಿಯ ಕೆಲಸವನ್ನೂ ಮುಗಿಸಿಕೊಳ್ಳುವುದು ಜಾಣತನ.

ವಂಶವೃಕ್ಷವನ್ನು ನೀವೂ ಓದಿ, ವಕೀಲರಿಗೆ ಬಿಟ್ಟು ಸುಮ್ನೆ ಕೂರಬೇಡಿ. ವಿಲ್ ಬರೆಯದೆ ತೀರಿಹೋದ ಹಿಂದೂ ಗಂಡಸಿನ ಸ್ವಂತ ಆಸ್ತಿಗೆ 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಜೊತೆಗೆ ಬದುಕಿದ್ದರೆ ತೀರಿಹೋದವರ ತಾಯಿಗೂ ಸಮಪಾಲು. ಈ ಅಜ್ಜಿಯನ್ನು ಎಲ್ಲರೂ ಮರೆಯುತ್ತಾರೆ. ಊರಲ್ಲಿ ಇನ್ನೊಬ್ಬ ಮಗನ ಮನೆಯಲ್ಲಿ ಇರುತ್ತಾರೆ, ಬೆಂಗಳೂರಿನ ಮನೆ ಮಾರಾಟದ ಸುದ್ದಿಯೂ ಅವರಿಗೆ ತಲುಪಿರುವುದಿಲ್ಲ. ಅಪ್ಪನಿಗಿಂತ ಮೊದಲೇ ತೀರಿಹೋದ ಮಗನ ಹೆಂಡತಿ, ಮಕ್ಕಳನ್ನೂ ಹಾಗೇ ಬಿಟ್ಟಿರುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇವತ್ತಿಗೂ "ತಂಗಿಗೆ ಮದುವೆಯಲ್ಲೇ ಕೊಟ್ಟಾಯ್ತು" ಅನ್ನುವವರಿದ್ದಾರೆ. ಅಪ್ಪನ ಸ್ವಂತ ದುಡ್ಡಿನ ಮನೆಯಲ್ಲಿ ಮಗಳ ಪಾಲು 1956ರಿಂದಲೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲೂ ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ತಂದಿತ್ತು, ದೇಶಕ್ಕೆಲ್ಲ ಅದು 2005ರಲ್ಲಿ ಬಂತು. ಅಪ್ಪ ಬದುಕಿರಲಿ ಇಲ್ಲದಿರಲಿ ಮಗಳ ಹಕ್ಕು ಹುಟ್ಟಿನಿಂದಲೇ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಂಗಿ ನಿಜವಾಗಿ ಬೇಡ ಅನ್ನುವುದಾದರೆ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಇರಬೇಕು. ಬಾಯಿಮಾತು ಸಾಲದು. ನನಗೆ ಕೇಳಿದರೆ ತಂಗಿಯೂ ಕ್ರಯಪತ್ರಕ್ಕೆ ಸಹಿ ಹಾಕಿ, ಅವರ ಪಾಲು ಅವರ ಬ್ಯಾಂಕ್ ಖಾತೆಗೇ ಹೋಗುವುದು ಎಲ್ಲದಕ್ಕಿಂತ ಒಳ್ಳೆಯದು. ಕೊಳ್ಳುವವರಿಗೂ ನೆಮ್ಮದಿ, ಅವರಿಗೂ ನ್ಯಾಯ.

ವಿಲ್ ಇದ್ದರೆ ಇಬ್ಬರು ಸಾಕ್ಷಿಗಳ ಸಹಿ ಇದೆಯಾ ನೋಡಿ. ಕರ್ನಾಟಕದಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್, ಅಂದರೆ ಕೋರ್ಟಿನ ದೃಢೀಕರಣ ಕಡ್ಡಾಯವಲ್ಲ. ಆದರೂ ವಿಲ್‌ನಲ್ಲಿ ಹೆಸರಿಲ್ಲದ ಮಕ್ಕಳ ಒಪ್ಪಿಗೆಯನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ ಕಾನೂನಿನ ಪ್ರಕಾರ ನಡೆಯುತ್ತದೆ.

ವಾರಸುದಾರರಲ್ಲಿ 18 ತುಂಬದ ಮಕ್ಕಳಿದ್ದರೆ ಅವರ ಪಾಲನ್ನು ಮಾರಲು ತಾಯಿಯ ಸಹಿ ಸಾಲದು, ಕೋರ್ಟಿನ ಅನುಮತಿ ಬೇಕು. ಇದನ್ನು ಬಿಟ್ಟರೆ ಆ ಮಗು ದೊಡ್ಡದಾದ ಮೇಲೆ ಮಾರಾಟವನ್ನೇ ಪ್ರಶ್ನಿಸಬಹುದು.

ಇನ್ನು ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಗ. ಅವರು ಸಹಿಗಾಗಿ ಬರಲಾಗದಿದ್ದರೆ ಇಲ್ಲಿರುವ ಅಣ್ಣನಿಗೋ ಅಕ್ಕನಿಗೋ ಅಧಿಕಾರ ಪತ್ರ ಕೊಡುತ್ತಾರೆ. ಅದು ಭಾರತೀಯ ದೂತಾವಾಸದಲ್ಲೋ ಅಲ್ಲಿನ ನೋಟರಿಯ ಮುಂದೆಯೋ ದೃಢೀಕರಣವಾಗಿರಬೇಕು, ಇಲ್ಲಿಗೆ ಬಂದು ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಮನೆ ಮಾರಲು ಮಾತ್ರವಲ್ಲ, ಖಾತೆ ಮತ್ತು ಒಸಿ ಅರ್ಜಿಗೆ ಸಹಿ ಹಾಕಲೂ ಅಧಿಕಾರ ಇದೆ ಅಂತ ಅದರಲ್ಲೇ ಬರೆಸಿ. ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ಇನ್ನೊಂದು ಪತ್ರಕ್ಕಾಗಿ ಕಾಯುತ್ತಾ ಕೂರಬೇಕಾಗುತ್ತದೆ. ಅಪ್ಪನೇ ಬದುಕಿದ್ದಾಗ ಯಾರಿಗಾದರೂ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ ಕೊಟ್ಟಿದ್ದರೆ ಅದನ್ನು ತೋರಿಸಿ ಮಾರಲು ಬಂದವರನ್ನು ಅಲ್ಲೇ ನಿಲ್ಲಿಸಿ. ಸಾಮಾನ್ಯ ಜಿಪಿಎ ಕೊಟ್ಟವರ ಜೊತೆಗೇ ಮುಗಿಯುತ್ತದೆ.

ಕಾಗದ ಹುಡುಕುವ ಕೆಲಸ

ಫೈಲಿನಲ್ಲಿ ಒಸಿ ಇಲ್ಲ ಅಂದರೆ ಒಸಿಯೇ ಆಗಿಲ್ಲ ಅಂತ ತೀರ್ಮಾನ ಮಾಡಬೇಡಿ. ಎಷ್ಟೋ ಸಲ ಬ್ಯಾಂಕ್ ಸಾಲದ ಕಡತದಲ್ಲಿ ಉಳಿದಿರುತ್ತದೆ, ಅಪ್ಪನ ಹಳೇ ಟ್ರಂಕಿನಲ್ಲಿ ಸಿಗುತ್ತದೆ. ಎಲ್ಲಕ್ಕಿಂತ ಮೊದಲು ಬೇಕಾದ್ದು ಎಲ್‌ಪಿ ನಂಬರ್ ಮತ್ತು ವರ್ಷ. ನಕ್ಷೆಯ ಮೂಲೆಯಲ್ಲಿ ಸೀಲಿನ ಪಕ್ಕದಲ್ಲಿ ಅದು ಇರುತ್ತದೆ. ಅದನ್ನು ಹಿಡಿದು ವಾರಸುದಾರರೇ ಪಾಲಿಕೆಯಲ್ಲಿ ನಕ್ಷೆಯ ಮತ್ತು ಒಸಿಯ ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು. ಸಣ್ಣ ಕಟ್ಟಡಗಳ ಕಡತ ವಲಯ ಕಚೇರಿಯ ಎಡಿಟಿಪಿ (ನಗರ ಯೋಜನೆಯ ಸಹಾಯಕ ನಿರ್ದೇಶಕರು) ಹತ್ತಿರ, ಎತ್ತರದ ಕಟ್ಟಡಗಳದ್ದು ಜೆಡಿಟಿಪಿ (ಜಂಟಿ ನಿರ್ದೇಶಕರು) ಹತ್ತಿರ ಅಂತ ಬಹಳ ಕಾಲದಿಂದ ಬಂದ ರೂಢಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಐದು ನಗರ ಪಾಲಿಕೆಗಳಾಗಿವೆ. ನಿಮ್ಮ ಮನೆ ಈಗ ಯಾವ ಪಾಲಿಕೆಗೆ ಸೇರಿದೆ ಅಂತ ಮೊದಲು ನೋಡಿಕೊಳ್ಳಿ. ಅಲ್ಲಿ ಉತ್ತರ ಬರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿಯಲ್ಲಿ ಒಂದೇ ವಿಷಯ ಇರಲಿ, ಚಿಕ್ಕದಾಗಿರಲಿ.

ಒಸಿ ಸಿಕ್ಕಿತು ಅಂದುಕೊಳ್ಳಿ. ಅದನ್ನು ನೋಡಿದ ಕೂಡಲೇ ಸಮಾಧಾನಪಟ್ಟುಕೊಳ್ಳಬೇಡಿ. ಎಷ್ಟು ಮಹಡಿಗೆ, ಎಷ್ಟು ಮನೆಗೆ, ಯಾವ ಬಳಕೆಗೆ ಅಂತ ಓದಿ. 1991ರಲ್ಲಿ ನೆಲ ಮತ್ತು ಒಂದು ಮಹಡಿಗೆ ಒಸಿ ತೆಗೆದುಕೊಂಡು, ನಿವೃತ್ತಿಯಾದಾಗ ಬಾಡಿಗೆ ಬರಲಿ ಅಂತ ಎರಡನೇ ಮಹಡಿ ಹಾಕಿಸಿದ ಮನೆಗಳು ಪ್ರತಿ ಬೀದಿಯಲ್ಲೂ ಇವೆ. ಆ ಒಸಿ ಮೇಲಿನ ಮಹಡಿಯನ್ನು ಕಾಯುವುದಿಲ್ಲ. ಒಬ್ಬ ಒಳ್ಳೆ ಆರ್ಕಿಟೆಕ್ಟನ್ನು ಕರೆದುಕೊಂಡು ಹೋಗಿ ಟೇಪು ಹಿಡಿದು ಅಳೆಸಿ. ನಕ್ಷೆಯಲ್ಲಿರುವ ಕಾರಿನ ಜಾಗ ಈಗ ಒಂದು ಕೋಣೆಯಾಗಿರಬಹುದು. 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ, 40×60ರಿಂದ ಮೇಲಿನ ಹಳೇ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಅದು ಇದೆಯಾ ಅಂತಲೂ ನೋಡಿ. ಅಳತೆಗೆ ಕೊಡುವ ದುಡ್ಡು ಮನೆಯ ಬೆಲೆಯ ಮುಂದೆ ಏನೂ ಅಲ್ಲ.

ಅದೇ ಮನೆ ಕೆಡವಿ ಹೊಸದು ಕಟ್ಟುವ ಉದ್ದೇಶ ನಿಮ್ಮದಾಗಿದ್ದರೆ ಈ ತಲೆನೋವು ಅರ್ಧ ಕಡಿಮೆ. ಆಗ ನೀವು ಕೊಳ್ಳುತ್ತಿರುವುದು ಸೈಟು. ಹಕ್ಕಿನ ಕಾಗದ ಗಟ್ಟಿ ಇದ್ದರೆ ಸಾಕು, ಹಳೇ ಕಟ್ಟಡದ ಒಸಿ ನಿಮಗೆ ಉಪಯೋಗಕ್ಕಿಲ್ಲ. ಆದರೆ ಬೆಲೆಯನ್ನೂ ಸೈಟಿನ ಬೆಲೆಯಾಗಿಯೇ ಮಾತಾಡಿ.

ಫ್ಲಾಟು ಆದರೆ

ಫ್ಲಾಟಿನ ಕಥೆ ಬೇರೆ. ಅಲ್ಲಿ ಒಸಿ ಇಡೀ ಕಟ್ಟಡಕ್ಕೆ, ಅಥವಾ ಒಂದು ಬ್ಲಾಕಿಗೆ ಸಿಗುವುದು. ತೀರಿಹೋದವರ ಮಕ್ಕಳು ಎಷ್ಟೇ ಒಳ್ಳೆಯವರಾದರೂ ತಮ್ಮ ಒಂದು ಫ್ಲಾಟಿಗೆ ಮಾತ್ರ ಒಸಿ ತಂದುಕೊಡಲಾರರು. ಬಿಲ್ಡರ್ ಐದು ಮಹಡಿ ಜಾಸ್ತಿ ಕಟ್ಟಿದ್ದರೆ ಎರಡನೇ ಮಹಡಿಯಲ್ಲಿರುವ ನಿಮ್ಮ ಫ್ಲಾಟು ನಕ್ಷೆಯ ಪ್ರಕಾರ ಸರಿಯಾಗಿಯೇ ಇದ್ದರೂ ಒಸಿ ಸಿಗದೇ ಇರಬಹುದು. ಆದ್ದರಿಂದ ಇಲ್ಲಿ ಕೇಳಬೇಕಾದ್ದು ಮಕ್ಕಳನ್ನಲ್ಲ, ನಿವಾಸಿಗಳ ಸಂಘದ ಕಾರ್ಯದರ್ಶಿಯನ್ನು. ಒಸಿಯ ನಕಲು ಅವರ ಹತ್ತಿರ ಇರುತ್ತದೆ. ಇಲ್ಲ ಅಂದರೆ ಯಾಕಿಲ್ಲ ಅಂತಲೂ ಅವರಿಗೆ ಗೊತ್ತಿರುತ್ತದೆ. ಭಾಗಶಃ ಒಸಿ ಆಗಿದ್ದರೆ ನಿಮ್ಮ ಬ್ಲಾಕು, ನಿಮ್ಮ ಮಹಡಿ ಅದರಲ್ಲಿ ಸೇರಿದೆಯಾ ನೋಡಿ. ಯಜಮಾನರು ತೀರಿಹೋದ ಮೇಲೆ ನಿರ್ವಹಣೆಯ ಬಾಕಿ ಬೆಳೆದಿರುವುದೂ ಉಂಟು, ಅದನ್ನೂ ಅಲ್ಲೇ ವಿಚಾರಿಸಿ. ಒಸಿ ಇಲ್ಲದ ಫ್ಲಾಟನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ನಾನಂತೂ ಕೊಳ್ಳುವುದಿಲ್ಲ. ಬಿಡಿ ಮನೆಯಲ್ಲಾದರೆ ಒಂದು ಗೋಡೆ ಒಡೆದು ಸರಿಮಾಡಿಕೊಳ್ಳಬಹುದು. ಇಲ್ಲಿ ಸರಿಮಾಡುವುದು ನಿಮ್ಮ ಕೈಯಲ್ಲೇ ಇಲ್ಲ.

ಕರಾರಿನಲ್ಲಿ ಏನು ಬರೆಸಬೇಕು

ಮುಂಗಡ ಕೊಡುವ ಮೊದಲು ಕರಾರು ಆಗಲಿ, ಎಲ್ಲ ವಾರಸುದಾರರೂ ಸಹಿ ಹಾಕಲಿ. ಒಬ್ಬ ಮಗ "ಉಳಿದವರನ್ನ ನಾನು ಒಪ್ಪಿಸ್ತೀನಿ" ಅಂದರೆ ಒಪ್ಪಿಸಿದ ಮೇಲೇ ಬನ್ನಿ ಅನ್ನಿ. ಖಾತೆ ಬದಲಾವಣೆಗೆ ಇಷ್ಟು ಸಮಯ, ಒಸಿಗೆ ಇಷ್ಟು ಸಮಯ ಅಂತ ಬೇರೆ ಬೇರೆಯಾಗಿ ಬರೆಸಿ. ಒಸಿಗಾಗಿ ದಂಡ ಕಟ್ಟಬೇಕಾದರೆ ಯಾರು ಕಟ್ಟುತ್ತಾರೆ ಎಂಬುದನ್ನು ಬರೆಸಿ. ಒಸಿ ನಿರಾಕರಣೆಯಾದರೆ ಮುಂಗಡ ಪೂರ್ತಿ ವಾಪಸ್, ಇಷ್ಟು ದಿನದೊಳಗೆ, ಅಂತ ಬರೆಸುವುದನ್ನು ಮಾತ್ರ ಮರೆಯಲೇಬೇಡಿ. "ಪ್ರಯತ್ನ ಮಾಡುತ್ತೇವೆ" ಅನ್ನುವ ಪದ ಕರಾರಿನಲ್ಲಿ ಇದ್ದರೆ ಹೊಡೆದುಹಾಕಿಸಿ. ಹಣವನ್ನು ಪಾಲಿನ ಪ್ರಕಾರ ಒಬ್ಬೊಬ್ಬರ ಬ್ಯಾಂಕ್ ಖಾತೆಗೂ ನೇರವಾಗಿ ಕಳಿಸಿ. ಮನೆಯ ಬೆಲೆ 50 ಲಕ್ಷ ಮುಟ್ಟಿದರೆ ಶೇ 1ರಷ್ಟು ತೆರಿಗೆ ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು. ವಾರಸುದಾರರಲ್ಲಿ ಯಾರಾದರೂ ವಿದೇಶದಲ್ಲಿ ನೆಲೆಸಿದ್ದರೆ ಅವರ ಪಾಲಿಗೆ ಲೆಕ್ಕ ಬೇರೆ, ದರವೂ ಜಾಸ್ತಿ. ಅದನ್ನು ಲೆಕ್ಕಪರಿಶೋಧಕರ ಹತ್ತಿರ ಮೊದಲೇ ಕೇಳಿಕೊಳ್ಳಿ.

ಭಾವ ನೋಡಿದ ಮನೆಯ ಸಂಗತಿ ಹೇಳಿ ಮುಗಿಸುತ್ತೇನೆ. ಎರಡು ವಾರ ಬಿಟ್ಟು ದೊಡ್ಡ ಮಗನೇ ಫೋನ್ ಮಾಡಿದರು. ಅಮ್ಮನ ಬೀರುವಿನಲ್ಲಿ ಮಂಜೂರಾದ ನಕ್ಷೆ ಸಿಕ್ಕಿತ್ತು. ನೆಲಮಹಡಿ ಮತ್ತು ಮೊದಲ ಮಹಡಿ ನಕ್ಷೆಯಲ್ಲಿತ್ತು, ಅಳತೆಯೂ ಹೆಚ್ಚುಕಡಿಮೆ ಸರಿ ಇತ್ತು. ಎರಡನೇ ಮಹಡಿ ಇರಲಿಲ್ಲ. ಅವರಿಗೆ ಅಪ್ಪನ ಮೇಲೆ ಬೇಜಾರಾಗಿತ್ತು ಅಂತ ಅವರ ದನಿಯಲ್ಲೇ ಗೊತ್ತಾಗುತ್ತಿತ್ತು. "ಅವರು ಬೇಕು ಅಂತ ಮಾಡಿಲ್ಲ ಸಾರ್, ಆಗ ಎಲ್ಲರೂ ಹಾಗೇ ಕಟ್ಟುತ್ತಿದ್ದರು" ಅಂತ ಭಾವ ಸಮಾಧಾನ ಹೇಳಿದರು. ಅಕ್ಕತಂಗಿಯರನ್ನೂ ಸೇರಿಸಿ ಎಲ್ಲರ ಹೆಸರಿಗೆ ಖಾತೆ ಮಾಡಿಸಿದರು. ಎರಡನೇ ಮಹಡಿಗೆ ಬೆಲೆಯೇ ಕಟ್ಟದೆ, ಅದನ್ನು ತೆಗೆಸುವ ಖರ್ಚನ್ನೂ ಕಳೆದು ಮಾತಾಯಿತು. ಉಳಿದ ಭಾಗಕ್ಕೆ ಒಸಿ ಕೈಗೆ ಬಂದ ಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಐದು ಜನ ವಾರಸುದಾರರು ಸಾಲಾಗಿ ನಿಂತು ಸಹಿ ಹಾಕಿದರು. ಕೊನೆಯ ಸಹಿ ಅವರ ಅಜ್ಜಿಯದು. ತೊಂಬತ್ತರ ಹತ್ತಿರದ ವಯಸ್ಸು, ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಸಹಿ ಅಲ್ಲ, ಹೆಬ್ಬೆಟ್ಟು.